ಮುಂಗಾರಿಗೆ ಮುನ್ನ ಮನೆಗೂ ವಿಮೆ ಇರಲಿ

ಗಾಳಿ–ಮಳೆಗೆ ಪ್ರತಿ ವರ್ಷ ಮನೆ ಹಾನಿಯಾದರೂ ಮಲೆನಾಡಿನ ಬಹುತೇಕರು ಮನೆಗೆ ವಿಮೆ ಮಾಡಿಸಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಸಿಲ್ವರ್ ಓಕ್ ಮರ ಮುರಿದು ಸೂರಿನ ಮೇಲೆ ಬೀಳುತ್ತದೆ. ಹೆಂಚು, ಶೀಟು ಹಾರಿಹೋಗಿ ಅಟ್ಟದಲ್ಲಿಟ್ಟ ಕಾಳುಮೆಣಸು, ಅಕ್ಕಿ ಎಲ್ಲ ತೊಯ್ದುಹೋಗುತ್ತವೆ. ಆಮೇಲೆ ಪರಿಹಾರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದಾಟ. ಬೈಕಿಗೆ ವಿಮೆ ಕಟ್ಟುವ ನಾವು, ಜೀವಮಾನದ ದುಡಿಮೆ ಸುರಿದು ಕಟ್ಟಿದ ಮನೆಯನ್ನು ಹಾಗೇ ಬಿಟ್ಟಿದ್ದೇವೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಭೂಕುಸಿತ ಮಾತ್ರವಲ್ಲ, ಮರ ಬಿದ್ದು ಆಗುವ ಹಾನಿಗೂ ರಕ್ಷಣೆ ಇದೆ. ಇದು ಕರಾವಳಿಯವರಿಗಷ್ಟೇ ಸೀಮಿತವಲ್ಲ. ಗ್ರಾಮ ಪಂಚಾಯಿತಿಗಳು ಕಂದಾಯ ವಸೂಲಿ ವೇಳೆ ಈ ಬಗ್ಗೆ ತಿಳಿಸಬೇಕು. ವಿಮಾ ಕಂಪನಿಗಳು ಷರತ್ತುಗಳನ್ನು ಕನ್ನಡದಲ್ಲೇ ಮುದ್ರಿಸಿ, ಮೇ ತಿಂಗಳೊಳಗೆ ಸಹಕಾರ ಸಂಘಗಳಲ್ಲಿ ನೋಂದಣಿ ಶಿಬಿರ ನಡೆಸಲಿ.

– ಓದುಗ, ಮೂಡಿಗೆರೆ