ಹದಿನಾಲ್ಕು ವರ್ಷ ನಮ್ಮ ಎಂಪಿಯಾಗಿದ್ದವರಿಗೆ

2024ರ ಜುಲೈ 4ರ ಓಟು ಮುಗಿಯಿತು. ಎಣಿಕೆಯೂ ಮುಗಿಯಿತು. ಇಂಗ್ಲೆಂಡಿನ ನಮ್ಮ ಬ್ರೈಟನ್ ಪೆವಿಲಿಯನ್ ಕ್ಷೇತ್ರಕ್ಕೆ ಸಿಯಾನ್ ಬೆರಿ ಹೊಸ ಎಂಪಿಯಾಗಿದ್ದಾರೆ. 2010ರಿಂದ ಇಲ್ಲಿಯವರೆಗೆ ಆ ಜಾಗದಲ್ಲಿದ್ದ, ಪರಿಸರವಾದಿ ಗ್ರೀನ್ ಪಾರ್ಟಿಯ ಕ್ಯಾರೊಲಿನ್ ಲೂಕಸ್ ಈ ಸಲ ನಿಲ್ಲಲೇ ಇಲ್ಲ. ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅವರಿಗೆ ಕನ್ನಡ ಬರುವುದಿಲ್ಲ, ಗೊತ್ತು. ಆದರೆ ನನಗೆ ಅವರು ಯಾಕೆ ಮುಖ್ಯವಾದರು ಅನ್ನುವುದನ್ನು ಕನ್ನಡದಲ್ಲಿ ಬಿಟ್ಟು ಬೇರೆ ಭಾಷೆಯಲ್ಲಿ ಹೇಳಲು ನನಗೆ ಆಗುವುದಿಲ್ಲ.

ನಾನು ಸಾಗರ ತಾಲ್ಲೂಕಿನವಳು. ಮುಳುಗಡೆ ಮನೆತನ. ಅಜ್ಜನ ಗದ್ದೆ, ತೋಟ, ಮನೆ ಎಲ್ಲ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಸಾಮಾನು ಲಾರಿಗೆ ಹೇರಿಕೊಂಡು ಹೊರಟವರು ನಮ್ಮವರು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ದೂರದಿಂದ ಒಂದು ಕಡೆ ಕೈ ತೋರಿಸಿ, "ಅಗಾ, ಅಲ್ಲಿತ್ತು ನಮ್ಮ ಅಂಗಳ" ಅನ್ನುತ್ತಿದ್ದರು. ಹೊಸ ಜಾಗದ ಹಕ್ಕುಪತ್ರ ನಮಗೆ ಇವತ್ತಿಗೂ ಸಿಕ್ಕಿಲ್ಲ. ಯಾರನ್ನಾದರೂ ಕೇಳಬಾರದಿತ್ತಾ ಅಂದರೆ ಅಜ್ಜಿಯದು ಒಂದೇ ಮಾತು: "ಕೇಳಿದ್ರೆ ಉತ್ತರ ಕೊಡೋರು ಯಾರಿದ್ರು ಮಗಾ?"

ಆ ಮಾತನ್ನು ಹೊತ್ತುಕೊಂಡೇ ನಾನು 2009ರಲ್ಲಿ ಬ್ರೈಟನ್‌ಗೆ ಬಂದೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ರಾತ್ರಿ ಪಾಳಿ ಜಾಸ್ತಿ. ಇಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶದವರಿಗೂ ಓಟು ಇದೆ ಅಂತ ಹೇಳಿದ್ದು ಪಕ್ಕದ ಮನೆಯ ಅಜ್ಜಿ. ನನಗೆ ನಂಬಿಕೆಯೇ ಬರಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವಳು ಇಲ್ಲಿನ ಸಂಸತ್ತಿಗೆ ಓಟು ಹಾಕುವುದು ಅಂದರೆ! ಆ ಅಜ್ಜಿಯೇ ಅರ್ಜಿ ತುಂಬಿಸಿದರು. ಅವರು ಈಗಿಲ್ಲ. ಅವರಿಗೂ ಈ ಬರಹದಲ್ಲಿ ನನ್ನ ನಮಸ್ಕಾರ.

2010ರ ಮೇ 6. ಪಾಳಿ ಮುಗಿಸಿ ನೇರ ಮತಗಟ್ಟೆಗೆ ಹೋದೆ. ಬೆರಳಿಗೆ ಶಾಯಿ ಇಲ್ಲ, ಮಷಿನ್ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಒಂದು ಪೆನ್ಸಿಲ್. ಗ್ರೀನ್ ಪಾರ್ಟಿಯ ಹೆಸರಿನ ಮುಂದೆ ಕ್ರಾಸ್ ಹಾಕಿದೆ. ಸೋಲುತ್ತಾರೆ ಅಂದುಕೊಂಡೇ ಹಾಕಿದ್ದು. ಬ್ರಿಟನ್ನಿನ ಸಂಸತ್ತಿಗೆ ಆ ಪಕ್ಷದಿಂದ ಅಲ್ಲಿಯವರೆಗೆ ಒಬ್ಬರೂ ಗೆದ್ದಿರಲಿಲ್ಲ. ಮರುದಿನ ಫಲಿತಾಂಶ ನೋಡಿದರೆ ಲೂಕಸ್ 1,252 ಓಟುಗಳಿಂದ ಗೆದ್ದಿದ್ದರು. ಅದರಲ್ಲಿ ಒಂದು ನನ್ನದು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಅವರು ಒಂದೇ ದಿನದಲ್ಲಿ ಅಲ್ಲಿಗೆ ಬಂದವರಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದವರು, ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಯಲ್ಲಿ ಹತ್ತು ವರ್ಷ ದುಡಿದವರು. ಪಕ್ಷ ಸೇರಿದ್ದು 1986ರಲ್ಲಿ. 1993ರಿಂದ ನಾಲ್ಕು ವರ್ಷ ಆಕ್ಸ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್, 1999ರಿಂದ ಯುರೋಪಿಯನ್ ಪಾರ್ಲಿಮೆಂಟ್. ಪಕ್ಷ ಸೇರಿ 24 ವರ್ಷ ಆದ ಮೇಲೆ ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ನಿನ ಸಂಸತ್ತು.

650 ಜನರ ಸಭೆಯಲ್ಲಿ ಅವರ ಪಕ್ಷದವರು ಅವರೊಬ್ಬರೇ. ಒಬ್ಬರೇ ಹೋಗಿ ಏನು ಮಾಡ್ತಾರೆ ಅಂತ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಿದ್ದರು. ಅವರು ಮೊದಲ ವರ್ಷವೇ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಆ ಸಭೆ ಹೇಗೆ ನಡೆಯುತ್ತದೆ ಅನ್ನುವುದನ್ನೇ ಪ್ರಶ್ನಿಸಿ ಒಂದು ವರದಿ ಬರೆದರು. ಅಲ್ಲಿ ಓಟು ಹಾಕುವುದು ಅಂದರೆ ಗಂಟೆ ಬಾರಿಸುತ್ತದೆ, ಎಂಟು ನಿಮಿಷದೊಳಗೆ ಎಲ್ಲಿದ್ದರೂ ಓಡಿ ಬರಬೇಕು, ಹೌದು ಅನ್ನುವವರು ಒಂದು ಪಡಸಾಲೆಯಲ್ಲಿ, ಅಲ್ಲ ಅನ್ನುವವರು ಇನ್ನೊಂದರಲ್ಲಿ ನಡೆದು ಹೋಗಬೇಕು, ತಲೆ ಎಣಿಸುತ್ತಾರೆ. ಒಂದು ಓಟಿಗೆ ಕಾಲು ಗಂಟೆ. ಯಾವ ತಿದ್ದುಪಡಿಗೆ ಓಟು ಹಾಕುತ್ತಿದ್ದೇವೆ ಅನ್ನುವುದು ಎಷ್ಟೋ ಸಲ ನಡೆದು ಹೋಗುವವರಿಗೇ ಗೊತ್ತಿರುವುದಿಲ್ಲ, ಪಕ್ಷ ತೋರಿಸಿದ ಬಾಗಿಲಿಗೆ ಹೋಗುತ್ತಾರೆ. ಬಟನ್ ಒತ್ತುವ ವ್ಯವಸ್ಥೆ ತನ್ನಿ, ಪ್ರತಿ ತಿದ್ದುಪಡಿಯ ಜೊತೆ ಅದು ಯಾಕೆ ಅಂತ ಸರಳವಾಗಿ ಬರೆದು ಕೊಡಿ ಅಂತ ಲೂಕಸ್ ಕೇಳಿದರು. 2020ರಲ್ಲಿ ಕೋವಿಡ್ ಬಂದಾಗ ಕೆಲವು ವಾರ ಎಂಪಿಗಳು ಮನೆಯಿಂದಲೇ ಓಟು ಹಾಕಿದರು. ಆಮೇಲೆ ಮತ್ತೆ ಅದೇ ಪಡಸಾಲೆ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಊರು ಮುಳುಗಿಸುವ ತೀರ್ಮಾನಕ್ಕೆ ಎಲ್ಲೋ ಯಾರೋ ಕೈ ಎತ್ತಿರಬೇಕಲ್ವಾ? ಅವರಿಗೆ ನಮ್ಮ ಅಂಗಳ ಎಲ್ಲಿದೆ ಅಂತ ಗೊತ್ತಿತ್ತಾ? ಕೈ ಎತ್ತುವವರಿಗೆ ಯಾಕೆ ಎತ್ತುತ್ತಿದ್ದೇವೆ ಅಂತ ಗೊತ್ತಿರಬೇಕು. ಲೂಕಸ್ ಕೇಳಿದ್ದು ಅಷ್ಟನ್ನೇ.

2015ರ ಲೆಕ್ಕ ನನಗೆ ಬಾಯಿಪಾಠ. ಆ ವರ್ಷ ಗ್ರೀನ್ ಪಾರ್ಟಿಗೆ ದೇಶದಲ್ಲಿ 11 ಲಕ್ಷಕ್ಕಿಂತ ಜಾಸ್ತಿ ಓಟು ಬಿತ್ತು, ಸೀಟು ಒಂದು. ಸ್ಕಾಟ್‌ಲೆಂಡಿನಲ್ಲಿ ಮಾತ್ರ ನಿಲ್ಲುವ ಎಸ್‌ಎನ್‌ಪಿ ಪಕ್ಷಕ್ಕೆ ಸುಮಾರು 14.5 ಲಕ್ಷ ಓಟು, 56 ಸೀಟು. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕು ಅನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ 38 ಲಕ್ಷ ಓಟು, ಸೀಟು ಒಂದೇ. ಯುಕಿಪ್‌ನ ರಾಜಕೀಯ ಲೂಕಸ್‌ಗೆ ಒಪ್ಪಿಗೆಯಾಗುವಂಥದ್ದಲ್ಲ. ಆದರೂ ಬಿದ್ದ ಓಟಿಗೆ ತಕ್ಕ ಸೀಟು ಎಲ್ಲರಿಗೂ ಸಿಗಬೇಕು ಅಂತ 2016ರ ಜುಲೈನಲ್ಲಿ ಒಂದು ಮಸೂದೆ ಮಂಡಿಸಲು ಅನುಮತಿ ಕೇಳಿದರು. ಪರವಾಗಿ 74, ವಿರುದ್ಧ 81. ಬಿದ್ದುಹೋಯಿತು. ತನಗೆ ಆಗದವರಿಗೂ ಲಾಭವಾಗುವ ನ್ಯಾಯವನ್ನು ಕೇಳುವ ರಾಜಕಾರಣಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬಾಲ್ಕಂಬ್ ವಿಷಯ ಹೇಳದೆ ಇರಲಾರೆ. ಬ್ರೈಟನ್‌ನಿಂದ ಲಂಡನ್‌ಗೆ ಹೋಗುವ ರೈಲು ದಾರಿಯಲ್ಲಿ ಬರುವ ಸಣ್ಣ ಹಳ್ಳಿ. 2013ರ ಬೇಸಿಗೆಯಲ್ಲಿ ಅಲ್ಲಿ ಎಣ್ಣೆ ಹುಡುಕಲು ಕೊರೆಯುವ ಕೆಲಸ ಶುರುವಾಯಿತು. ಮುಂದೆ ಫ್ರಾಕಿಂಗ್ ಬರುತ್ತದೆ, ಅಂದರೆ ನೆಲದ ಆಳದ ಬಂಡೆಯನ್ನು ನೀರು, ಮರಳು, ರಾಸಾಯನಿಕದ ಒತ್ತಡದಿಂದ ಒಡೆಯುತ್ತಾರೆ ಅಂತ ಜನ ಹೆದರಿದರು. ರಸ್ತೆಯಲ್ಲಿ ಕೂತರು. ಆಗಸ್ಟ್ 19ರಂದು ಎಂಪಿಯೂ ಅವರ ಜೊತೆ ನೆಲದ ಮೇಲೆ ಕೂತರು. ಪೊಲೀಸರು ಎಬ್ಬಿಸಿ ಕರೆದುಕೊಂಡು ಹೋದರು. ಕೇಸ್ ನಡೆದು, 2014ರ ಏಪ್ರಿಲ್‌ನಲ್ಲಿ ಕೋರ್ಟ್ ಅವರನ್ನು ನಿರ್ದೋಷಿ ಅಂದಿತು. ಸಭೆಯಲ್ಲಿ ಮಾತನಾಡಿ, ಪ್ರಶ್ನೆ ಕೇಳಿ, ಅದು ಸಾಲದು ಅನ್ನಿಸಿದಾಗ ರಸ್ತೆಗೆ ಬಂದರು. ಆ ಫೋಟೊ ನೋಡಿದ ದಿನ ನಾನು ಲ್ಯಾಬಿನ ಊಟದ ಕೋಣೆಯಲ್ಲಿ ಅತ್ತೆ. ನಮ್ಮೂರಿನ ಲಾರಿಯ ಮುಂದೆ ಹೀಗೆ ಒಬ್ಬರು ಕೂತಿದ್ದರೆ ಅಂತ ಅನ್ನಿಸಿ. 2019ರ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಫ್ರಾಕಿಂಗ್ ನಿಲ್ಲಿಸಿದರು. 2022ರಲ್ಲಿ ಒಂದು ಸರ್ಕಾರ ಮತ್ತೆ ಬಾಗಿಲು ತೆರೆಯಿತು, ಮರು ತಿಂಗಳೇ ಇನ್ನೊಂದು ಸರ್ಕಾರ ಮುಚ್ಚಿತು.

ಶಾಲೆಯಲ್ಲಿ ಹಕ್ಕಿ, ಗಿಡ, ಹುಳಗಳನ್ನು ಹತ್ತಿರದಿಂದ ನೋಡಿ ಕಲಿಯುವ ಒಂದು ಪಾಠ ಬೇಕು ಅಂತಲೂ ಅವರು ವರ್ಷಗಟ್ಟಲೆ ಕೇಳಿದರು. 2022ರಲ್ಲಿ ಸರ್ಕಾರ ಆಗಲಿ ಅಂದಿತು. ಇನ್ನೂ ಶುರುವಾಗಿಲ್ಲ. ನನ್ನ ಮಗಳು ಕಾಯುತ್ತಿದ್ದಾಳೆ.

2019ರ ಚುನಾವಣೆಯಲ್ಲಿ ಅವರ ಅಂತರ 19,940. ಮೊದಲ ಸಲದ 1,252ರ ಪಕ್ಕದಲ್ಲಿಟ್ಟು ನೋಡಿ. ಅಷ್ಟು ಗಟ್ಟಿ ಸೀಟನ್ನು ಅವರು ತಾವಾಗಿ ಬಿಟ್ಟರು. 2023ರ ಜೂನ್‌ನಲ್ಲಿ ಕ್ಷೇತ್ರದವರಿಗೆ ಪತ್ರ ಬರೆದು ಕಾರಣವನ್ನೂ ಹೇಳಿದರು. ಕ್ಷೇತ್ರದ ಕೆಲಸ, ಪಕ್ಷದ ಒಬ್ಬರೇ ಎಂಪಿಯಾಗಿ ಎಲ್ಲ ವಿಷಯಕ್ಕೂ ಓಡಾಟ. ಇದರ ನಡುವೆ ಯಾವ ಕಾರಣಕ್ಕೆ ರಾಜಕೀಯಕ್ಕೆ ಬಂದಿದ್ದರೋ ಆ ಹವಾಮಾನ ಮತ್ತು ಪ್ರಕೃತಿಯ ಕೆಲಸಕ್ಕೇ ಬೇಕಾದಷ್ಟು ಸಮಯ ಸಿಗುತ್ತಿಲ್ಲ ಅಂದರು. ನನಗೆ ಬೇಜಾರಾಯಿತು. ಆದರೆ ಬಿಟ್ಟು ಹೋಗುವಾಗಲೂ ಉತ್ತರ ಕೊಟ್ಟು ಹೋದರಲ್ಲ ಅಂತ ಗೌರವ ಹೆಚ್ಚಾಯಿತು.

ಈಗ ಮತಗಟ್ಟೆಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ನಾನು ಭಾರತದ ಪಾಸ್‌ಪೋರ್ಟನ್ನೇ ತೋರಿಸಿದೆ. ಅಲ್ಲಿದ್ದ ಹುಡುಗಿ ನನ್ನ ಉದ್ದನೆ ಹೆಸರನ್ನು ನಿಧಾನಕ್ಕೆ, ಒಂದಕ್ಷರವೂ ಬಿಡದೆ ಓದಿದಳು. ಅವಳಿಗೂ ಥ್ಯಾಂಕ್ಸ್. ಒಬ್ಬರಿದ್ದ ಪಕ್ಷದಿಂದ ಈ ಸಲ ನಾಲ್ವರು ಗೆದ್ದಿದ್ದಾರೆ.

ಕ್ಯಾರೊಲಿನ್ ಅವರೇ, ತುಂಬಾ ತುಂಬಾ ಧನ್ಯವಾದ. ಕೇಳಿದರೆ ಉತ್ತರ ಕೊಡುವವರು ಇರುತ್ತಾರೆ ಅಂತ ನಾನು ನಿಮ್ಮನ್ನು ನೋಡಿ ನಂಬಿದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಅಜ್ಜನ ಸರ್ವೆ ನಂಬರ್ ಇರುವ ಹಳೇ ಕಾಗದ ಅಮ್ಮನ ಟ್ರಂಕಿನಲ್ಲಿದೆ. ಅದನ್ನು ತೆಗೆದಿಟ್ಟಿರು, ಮಾಹಿತಿ ಹಕ್ಕಿನ ಅರ್ಜಿ ನಾನೇ ಬರೆಯುತ್ತೇನೆ ಅಂತ ನಿನ್ನೆ ಫೋನಿನಲ್ಲಿ ಹೇಳಿದ್ದೇನೆ.