ಮಾಲ್ಡೀವ್ಸ್ ಕುಟುಂಬ ಪ್ರವಾಸದಲ್ಲಿ ಆದ ಸೇವಾ ನ್ಯೂನತೆ ಕುರಿತು ದೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಪ್ರವಾಸ ಸಂಸ್ಥೆಯ ದಾವಣಗೆರೆ ಶಾಖೆ

ವಿಷಯ: ಒಂದು ರಾತ್ರಿಯ ವಾಸ್ತವ್ಯ ತಪ್ಪಿದ್ದು, ಸಸ್ಯಾಹಾರದ ಸೂಚನೆ ರೆಸಾರ್ಟ್‌ಗೆ ತಲುಪದಿದ್ದುದು ಹಾಗೂ ಹಣ ಮರುಪಾವತಿ ಕುರಿತು.

ಮಾನ್ಯರೇ,

ದಾವಣಗೆರೆ ಪಿ.ಜೆ. ಬಡಾವಣೆಯ ನಿವಾಸಿಯಾದ ನಾನು 2025ರ ಆಗಸ್ಟ್ ತಿಂಗಳಲ್ಲಿ ತಮ್ಮ ಶಾಖೆಯ ಮೂಲಕ ಮಾಲ್ಡೀವ್ಸ್‌ನ ದ್ವೀಪ ರೆಸಾರ್ಟ್ ಒಂದಕ್ಕೆ ನಾಲ್ಕು ರಾತ್ರಿಗಳ ಪ್ಯಾಕೇಜ್ ಕಾಯ್ದಿರಿಸಿ, ಪೂರ್ತಿ ಹಣವನ್ನು ಆಗಲೇ ಪಾವತಿಸಿದ್ದೆ. ವಿಜಯದಶಮಿ ಮುಗಿಸಿಕೊಂಡು, ಮಕ್ಕಳ ರಜೆ ಇರುವಾಗಲೇ, ನನ್ನ ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಹೋಗಿ ಬಂದೆವು. ಅಲ್ಲಿ ನಮಗಾದ ತೊಂದರೆಗೆ ಆ ದೇಶವನ್ನಾಗಲಿ ರೆಸಾರ್ಟಿನವರನ್ನಾಗಲಿ ನಾನು ದೂರುತ್ತಿಲ್ಲ. ವಿಮಾನ, ವಸತಿ, ಊಟ ಎಲ್ಲವನ್ನೂ ಕೂಡಿಸಿ ಒಂದೇ ಬೆಲೆಗೆ ಮಾರಿದವರು ತಾವು. ಮಾಡಬೇಕಿದ್ದ ಕೆಲಸ ಬಿಟ್ಟವರೂ ತಾವೇ ಎಂಬುದು ನನ್ನ ದೂರು.

ಬೆಂಗಳೂರಿನಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೋಗುವ ವಿಮಾನವನ್ನು ಆಯ್ಕೆ ಮಾಡಿದ್ದು ತಮ್ಮ ಕಚೇರಿ. ನಾವು ವೆಲಾನಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಸಮಯ ಸಂಜೆ ಐದು ದಾಟಿತ್ತು. ನಮ್ಮ ರೆಸಾರ್ಟ್ ಇದ್ದ ದ್ವೀಪಕ್ಕೆ ಸೀಪ್ಲೇನ್‌ನಲ್ಲಿಯೇ ಹೋಗಬೇಕು. ಅದು ಸಮುದ್ರದ ನೀರಿನ ಮೇಲೆ ಇಳಿಯುವ ವಿಮಾನವಾದ್ದರಿಂದ ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಮಾಲ್ಡೀವ್ಸ್ ಪ್ರವಾಸ ಮಾರುವ ಯಾರಿಗಾದರೂ ಮೊದಲು ಗೊತ್ತಿರಬೇಕಾದ ಸಂಗತಿ ಇದು. ನಮಗೆ ಇದು ತಿಳಿದದ್ದು ಕೌಂಟರ್ ಮುಂದೆ ಸಾಮಾನು ಇಟ್ಟುಕೊಂಡು ನಿಂತ ಮೇಲೆ. ಅಲ್ಲಿನ ಸಿಬ್ಬಂದಿ ನಮ್ಮ ವೋಚರ್ ನೋಡಿ, ಇನ್ನು ನಾಳೆ ಬೆಳಿಗ್ಗೆಯೇ ಎಂದರು. ತಮ್ಮ ತುರ್ತು ಸಂಖ್ಯೆಗೆ ಕರೆ ಮಾಡಿದಾಗ, ‘ಅಲ್ಲೇ ಎಲ್ಲಾದರೂ ಒಂದು ರಾತ್ರಿ ಇದ್ದುಬಿಡಿ ಸರ್’ ಎಂಬ ಉತ್ತರ ಬಂತು. ಮಂಡಿನೋವಿರುವ ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಮೊಬೈಲ್‌ನಲ್ಲಿ ಹುಡುಕಿ, ಹತ್ತಿರದ ಹುಲ್ಹುಮಾಲೆಯಲ್ಲಿ ಸಿಕ್ಕ ಹೋಟೆಲಿಗೆ ಕೈಯಿಂದ ಹಣ ಕೊಟ್ಟು ಉಳಿದೆವು. ಅದೇ ರಾತ್ರಿ ರೆಸಾರ್ಟಿನಲ್ಲಿ ನಮ್ಮ ಹೆಸರಿನ ಕೋಣೆ ಖಾಲಿ ಇತ್ತು. ಅದಕ್ಕೂ ನಾವು ಹಣ ಕೊಟ್ಟಿದ್ದೆವು.

ಊಟದ ವಿಷಯ ಇದಕ್ಕಿಂತ ಗಂಭೀರವಾದದ್ದು. ನಮ್ಮದು ಲಿಂಗಾಯತ ಕುಟುಂಬ. ಇಷ್ಟಲಿಂಗ ಪೂಜೆ ಆಗದೆ ತಾಯಿಯವರು ಬಾಯಿಗೆ ನೀರು ಸಹ ಹಾಕಿಕೊಳ್ಳುವುದಿಲ್ಲ. ಆದ ಕಾರಣ ಕಾಯ್ದಿರಿಸುವಾಗಲೇ, ಐವರಿಗೂ ಮೀನು, ಮಾಂಸ, ಮೊಟ್ಟೆ ಇಲ್ಲದ ಊಟ ಬೇಕೆಂದು ನಾನು ಲಿಖಿತವಾಗಿ ತಿಳಿಸಿದ್ದೆ. ‘ಖಚಿತಪಡಿಸಲಾಗಿದೆ’ ಎಂದು ತಮ್ಮಿಂದ ಮೇಲ್ ಕೂಡ ಬಂದಿತ್ತು. ರೆಸಾರ್ಟಿನ ಮೊದಲ ಬೆಳಗಿನ ಉಪಾಹಾರದಲ್ಲಿ ರೋಶಿ ಎಂಬ ಅಲ್ಲಿನ ಚಪಾತಿಯ ಪಕ್ಕದಲ್ಲಿ, ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿದ, ನೋಡಲು ನಮ್ಮ ಕೋಸಂಬರಿಯಂತೆಯೇ ಇದ್ದ ಒಂದು ಬಟ್ಟಲಿತ್ತು. ನಮಗೆ ಸಸ್ಯಾಹಾರ ಹೇಳಿಯಾಗಿದೆ ಎಂಬ ನಂಬಿಕೆಯಿಂದ ತಾಯಿಯವರು ಅದನ್ನು ಬಡಿಸಿಕೊಂಡು ಒಂದು ತುತ್ತು ತಿಂದರು. ವಾಸನೆ ಬೇರೆ ಎನಿಸಿ ನನ್ನ ಪತ್ನಿ ವಿಚಾರಿಸಿದಾಗ, ಅದು ಮಾಸ್ ಹುನಿ, ಅದರಲ್ಲಿ ಟ್ಯೂನಾ ಮೀನು ಇದೆ ಎಂದು ಗೊತ್ತಾಯಿತು. ತಾಯಿಯವರು ಎದ್ದು ಹೋಗಿ ಬಾಯಿ ತೊಳೆದುಕೊಂಡವರು ಅಂದು ರಾತ್ರಿಯವರೆಗೆ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ‘ಈ ವಯಸ್ಸಿನಲ್ಲಿ ಇದೊಂದು ಆಗಬೇಕಿತ್ತೇನಪ್ಪಾ’ ಎಂದು ನನ್ನನ್ನು ಕೇಳಿದರು. ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಕೊಡಬೇಕಾದವರು ತಾವು.

ಮಾಸ್ ಹುನಿ ಆ ನಾಡಿನವರ ನಿತ್ಯದ ಉಪಾಹಾರ; ಮೀನು ಅವರ ಮುಖ್ಯ ಆಹಾರ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಡುಗೆಯ ಮುಖ್ಯಸ್ಥರು ವಿಷಯ ತಿಳಿದ ಕೂಡಲೇ ಬಂದು ಕ್ಷಮೆ ಕೇಳಿ, ಅಂದಿನಿಂದ ನಮಗೆ ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆಸಾರು, ಪಲ್ಯ ಮಾಡಿಸಿಕೊಟ್ಟರು. ತಮ್ಮ ಸಂಸ್ಥೆಯಿಂದ ಅವರಿಗೆ ಹೋಗಿದ್ದ ಬುಕಿಂಗ್ ಹಾಳೆಯನ್ನೂ ಅವರೇ ತೋರಿಸಿದರು. ಅದರಲ್ಲಿ ಊಟದ ಆದ್ಯತೆ ಬರೆಯುವ ಜಾಗ ಖಾಲಿ ಇತ್ತು. ದ್ವೀಪದಲ್ಲಿ ಆ ರೆಸಾರ್ಟ್ ಬಿಟ್ಟರೆ ಇನ್ನೊಂದು ಹೋಟೆಲಿಲ್ಲ, ಅಂಗಡಿಯಿಲ್ಲ. ಅಂಥ ಜಾಗಕ್ಕೆ ಕಳಿಸುವವರು ಒಂದು ಸಾಲು ಬರೆಯುವುದನ್ನು ಬಿಟ್ಟರೆ ಹೋದವರು ಏನು ಮಾಡಬೇಕು?

ಇನ್ನು, ‘ಎಲ್ಲ ತೆರಿಗೆಗಳೂ ಸೇರಿ’ ಎಂದು ಕೊಟೇಶನ್‌ನಲ್ಲಿ ಬರೆದಿದ್ದರೂ ಹೊರಡುವಾಗ ನಮ್ಮಿಂದ ಗ್ರೀನ್ ಟ್ಯಾಕ್ಸ್ ಎಂಬ ಅಲ್ಲಿನ ಪ್ರವಾಸಿ ತೆರಿಗೆ ವಸೂಲಿ ಮಾಡಲಾಯಿತು. ರೆಸಾರ್ಟ್‌ಗಳಲ್ಲಿ ಅದು 2025ರ ಜನವರಿಯಿಂದ ಒಬ್ಬರಿಗೆ ದಿನಕ್ಕೆ 12 ಡಾಲರ್ ಆಗಿದೆ. ಐವರಿಗೆ ಮೂರು ರಾತ್ರಿಗೆ 180 ಡಾಲರ್ ಕಟ್ಟಿದ್ದೇವೆ. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆಗಾಲ ಪೂರ್ತಿ ಮುಗಿದಿರುವುದಿಲ್ಲ ಎಂಬುದು ತಿಳಿದೇ ಹೋದದ್ದರಿಂದ, ಮಳೆಯಿಂದ ಕಳೆದುಹೋದ ಹೊತ್ತಿನ ಬಗ್ಗೆ ನನ್ನ ತಕರಾರಿಲ್ಲ.

ಊರಿಗೆ ಮರಳಿ ತಮ್ಮ ಶಾಖೆಗೆ ಬಂದು ಕೇಳಿದಾಗ, ರೆಸಾರ್ಟಿನವರನ್ನೇ ಕೇಳಿ ಎಂದು ನನ್ನನ್ನು ಕಳಿಸಿಬಿಟ್ಟಿರಿ. ನಾನು ಹಣ ಕೊಟ್ಟದ್ದು ತಮಗೆ, ರಸೀದಿ ತಮ್ಮದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(11)ರ ಪ್ರಕಾರ, ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವಾ ನ್ಯೂನತೆಯೇ. ಸೀಪ್ಲೇನ್‌ನ ಸಮಯ ತಮಗೆ ಗೊತ್ತಿದ್ದೂ ಹೇಳಲಿಲ್ಲವೋ, ಗೊತ್ತೇ ಇರಲಿಲ್ಲವೋ ಎಂಬುದನ್ನು ಲಿಖಿತವಾಗಿ ತಿಳಿಸಿ. ಗೊತ್ತಿರಲಿಲ್ಲ ಎಂದರೂ ಮಾರಿದ ಸೇವೆಯ ಹೊಣೆ ತಪ್ಪುವುದಿಲ್ಲ.

ಆದ್ದರಿಂದ, ತಪ್ಪಿದ ಒಂದು ರಾತ್ರಿಯ ರೆಸಾರ್ಟ್ ಬಾಡಿಗೆ, ಹುಲ್ಹುಮಾಲೆಯ ಹೋಟೆಲ್, ಟ್ಯಾಕ್ಸಿ ಮತ್ತು ಊಟದ ಖರ್ಚು, ಹಾಗೂ 180 ಡಾಲರನ್ನು ನಾವು ಕಟ್ಟಿದ ದಿನದ ದರದಲ್ಲಿ ರೂಪಾಯಿಗೆ ಪರಿವರ್ತಿಸಿ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಬಿಲ್ಲುಗಳು, ತಮ್ಮ ಮೇಲ್‌ನ ಪ್ರತಿ, ಬುಕಿಂಗ್ ಹಾಳೆಯ ಫೋಟೊ ಇದರೊಂದಿಗಿವೆ. ಪ್ಯಾಕೇಜ್ ಮೇಲೆ ತಾವು ಶೇಕಡಾ 5ರಂತೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿದಿದ್ದೀರಿ. ಅದರ ಫಾರಂ 27ಡಿ ಪ್ರಮಾಣಪತ್ರ ಅಕ್ಟೋಬರ್ ಕೊನೆಯೊಳಗೆ ನನ್ನ ಕೈಸೇರಬೇಕಿತ್ತು, ಇನ್ನೂ ಬಂದಿಲ್ಲ. ಅದನ್ನೂ ಕೊಡಿ. ನನ್ನ ತಾಯಿಯವರಿಗೆ ತಮ್ಮ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಕನ್ನಡದಲ್ಲಿ, ಒಂದು ಕ್ಷಮಾಪಣೆ ಪತ್ರ ಬರಬೇಕು. ಮಿಕ್ಕ ಯಾವುದರಲ್ಲಿ ಮಾತುಕತೆಗೆ ಸಿದ್ಧನಿದ್ದರೂ ಇದರಲ್ಲಿ ಮಾತ್ರ ರಾಜಿ ಇಲ್ಲ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ, ಗ್ರಾಹಕನು ವಾಸವಿರುವ ಸ್ಥಳದಲ್ಲಿಯೇ ದೂರು ಸಲ್ಲಿಸಲು ಅದೇ ಕಾಯ್ದೆಯ ಸೆಕ್ಷನ್ 34 ಅವಕಾಶ ಕೊಟ್ಟಿರುವುದರಿಂದ, ದಾವಣಗೆರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ತಮ್ಮ ಸಂಸ್ಥೆಯ ವಿರುದ್ಧ ದೂರು ದಾಖಲಿಸುತ್ತೇನೆ.

ಇಂತಿ ತಮ್ಮ ಗ್ರಾಹಕ,
(ಸಹಿ)
ಪಿ.ಜೆ. ಬಡಾವಣೆ, ದಾವಣಗೆರೆ