ಪ್ರಾಸ್ಟೇಟ್ ಕ್ಯಾನ್ಸರ್: ಇಂಜೆಕ್ಷನ್ ತಾರೀಕು ತಪ್ಪದಿರಲಿ

ಮಾನ್ಯರೇ,

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರಿಗೆ, ಅದನ್ನು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರೋನನ್ನು ತಡೆಯುವ ಇಂಜೆಕ್ಷನ್ ತೆಗೆದುಕೊಳ್ಳಲು ಬೈಂದೂರು, ಕಾರ್ಕಳ ಕಡೆಯ ಹಿರಿಯರು ಮಣಿಪಾಲಕ್ಕೋ ಮಂಗಳೂರಿಗೋ ಬರುತ್ತಾರೆ. ಆಟಿಯ ಮಳೆ, ಮನೆಯ ಕೋಲ, ಜೊತೆಗೆ ಬರಲು ಜನವಿಲ್ಲ ಎಂದು ತಾರೀಕು ಮುಂದಕ್ಕೆ ಹೋಗುತ್ತದೆ. ‘ಪಿಎಸ್‌ಎ (ರಕ್ತಪರೀಕ್ಷೆಯ ಕ್ಯಾನ್ಸರ್ ಸೂಚಕ) ಇಳಿದಿದೆಯಲ್ಲ, ಎರಡು ವಾರ ತಡವಾದರೇನು?’ ಎನ್ನುವವರಿದ್ದಾರೆ. ಪಿಎಸ್‌ಎ ಇಳಿದಿರುವುದು ಇಂಜೆಕ್ಷನ್ನಿನ ಬಲದಿಂದಲೇ. ಇಂಥ ಒಂದು ಇಂಜೆಕ್ಷನ್ ಗೊಸೆರೆಲಿನ್; ಅದರ 3.6 ಮಿ.ಗ್ರಾಂ. ಡೋಸಿನ ಅವಧಿ 28 ದಿನ, ಕ್ಯಾಲೆಂಡರಿನ ತಿಂಗಳಲ್ಲ. ವರ್ಷಕ್ಕೆ 12 ಅಲ್ಲ, 13 ಬೇಕು. 10.8 ಮಿ.ಗ್ರಾಂ. ಆದರೆ 12 ವಾರ. ತಡವಾದರೆ ಟೆಸ್ಟೊಸ್ಟೆರೋನ್ ಮತ್ತೆ ಏರಬಹುದು.

ಮೊದಲ ಇಂಜೆಕ್ಷನ್ ವೇಳೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೊಸೆರೆಲಿನ್, ಅದೇ ಬಗೆಯ ಲ್ಯುಪ್ರೊಲೈಡ್ ಮೊದಲು, ಟೆಸ್ಟೊಸ್ಟೆರೋನ್ ತಯಾರಿಗೆ ಆದೇಶ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಕೆರಳಿಸುತ್ತವೆ. ಒಂದೆರಡು ವಾರ ಟೆಸ್ಟೊಸ್ಟೆರೋನ್ ಏರಿ, ಆಮೇಲೆ ಗ್ರಂಥಿ ಸ್ಪಂದಿಸದಂತಾಗಿ, ಮೂರ್ನಾಲ್ಕು ವಾರಕ್ಕೆ 50 ನ್ಯಾನೊಗ್ರಾಂಗಿಂತ (100 ಮಿ.ಲೀ. ರಕ್ತದಲ್ಲಿ) ಕೆಳಗಿಳಿಯುತ್ತದೆ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಆ ಏರಿಕೆಯಲ್ಲೇ ಮೂತ್ರ ಕಟ್ಟಬಹುದು, ಕಾಲಿನ ಶಕ್ತಿ ಹೋಗಬಹುದು. ಟೆಸ್ಟೊಸ್ಟೆರೋನ್ ಕ್ಯಾನ್ಸರಿನ ಮೇಲೆ ಕೆಲಸ ಮಾಡದಂತೆ ತಡೆಯುವ ಬೈಕಲುಟಮೈಡ್ 50 ಮಿ.ಗ್ರಾಂ. ಮಾತ್ರೆಯನ್ನು ಜೊತೆಗೆ ಬರೆಯುವುದು ಇದಕ್ಕೇ. ‘ಇಂಜೆಕ್ಷನ್ ಆಯಿತಲ್ಲ’ ಎಂದು ಅದನ್ನು ಬಿಡಬೇಡಿ. ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ. ಕಾಲು ಸೋತರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಬಗೆಯ ಇಂಜೆಕ್ಷನ್ ಡೆಗರೆಲಿಕ್ಸ್‌ನಲ್ಲಿ ಈ ಏರಿಕೆ ಇಲ್ಲ.

ಟೆಸ್ಟೊಸ್ಟೆರೋನ್ ತಯಾರಿಯನ್ನೇ ತಡೆಯುವ ಅಬಿರಟೆರೋನ್ ಮಾತ್ರೆ ತೆಗೆದುಕೊಳ್ಳುವವರು ಬೆಳಗಿನ ಗಂಜಿಯ ಜೊತೆ ಅದನ್ನು ನುಂಗಬಾರದು. ಸಾಮಾನ್ಯ ಡೋಸು 1000 ಮಿ.ಗ್ರಾಂ.; ಎದ್ದ ಕೂಡಲೇ ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ, ಗಂಜಿಗೆ ಒಂದು ಗಂಟೆಯಾದರೂ ಬಿಡಿ. ಊಟದೊಂದಿಗೆ ಹೋದರೆ ಔಷಧ ಹಲವು ಪಟ್ಟು ರಕ್ತಕ್ಕೆ ಸೇರುತ್ತದೆ. ಜೊತೆಗಿರುವ ಪ್ರೆಡ್ನಿಸೋಲೋನನ್ನು ‘ಸ್ಟಿರಾಯ್ಡ್’ ಎಂದು ಹೆದರಿ ನಿಲ್ಲಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಶಿಯಂ ಇಳಿದು, ಕಾಲು ಊದಿಕೊಳ್ಳಬಹುದು.

ಮತ್ತೆ ಮತ್ತೆ ಬರಲಾಗದವರಿಗೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯೂ ಒಂದು ದಾರಿ. ಒಮ್ಮೆ ಮಾಡಿದರೆ ಸಾಕು, ಟೆಸ್ಟೊಸ್ಟೆರೋನ್ ಬೇಗ ಇಳಿಯುತ್ತದೆ, ಆರಂಭದ ಏರಿಕೆಯೂ ಇಲ್ಲ. ಸಂಕೋಚದಿಂದ ಆ ಮಾತನ್ನೇ ಎತ್ತದಿರುವುದು ರೋಗಿಗೆ ಮಾಡುವ ಅನ್ಯಾಯ.

ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಲ್ಲಿ ಒಂದು ವಿನಂತಿ: ಎಲ್ಲಾ ತಾಲೂಕು ಆಸ್ಪತ್ರೆಗಳಲ್ಲೂ ಈ ಇಂಜೆಕ್ಷನ್ ಸಿಗಲಿ. ಗೊಸೆರೆಲಿನ್ ಸಿರಿಂಜನ್ನು 25 ಡಿಗ್ರಿಯೊಳಗೆ ಇಡಬೇಕು. ಏಪ್ರಿಲ್ ಸೆಖೆಯಲ್ಲಿ ಅದನ್ನು ಬಸ್ಸಿನಲ್ಲಿ ಹೊತ್ತು ತರುವಂತಾಗಬಾರದು. ಹೊಟ್ಟೆಯ ಚರ್ಮದಡಿ ದಪ್ಪ ಸೂಜಿಯಲ್ಲಿ ಕೊಡುವ ಕ್ರಮವನ್ನು ಅಲ್ಲಿನ ನರ್ಸ್‌ಗಳಿಗೆ ಕಲಿಸಿಕೊಡಿ.

— ಫಾರ್ಮಾಸಿಸ್ಟ್, ಉಡುಪಿ